ದೀಪಾವಳಿಗೆ ಉಗುರ ಮೇಲೆ ಚುಕ್ಕಿ ರಂಗೋಲಿ: ಹಚ್ಚೋದು ಹೇಗೆ, ಅದಕ್ಕಿಂತ ಮುಖ್ಯವಾಗಿ ಯಾವಾಗ?

ಇವತ್ತಿನ ಕಂತು ಉಗುರಿನ ಬಗ್ಗೆ. ನಗಬೇಡಿ, ವಿಷಯ ಸ್ವಲ್ಪ ಗಂಭೀರವೇ ಇದೆ.

ಹಬ್ಬದ ವಾರ ಪಾರ್ಲರ್‌ಗೆ ಹೋದ್ರೆ ಕಾದು ಕಾದು ಸುಸ್ತಾಗುತ್ತೆ, ಮನೆಯಲ್ಲೇ ನೇಲ್ ಆರ್ಟ್ ಮಾಡ್ಕೊಳ್ಳೋಣ ಅಂತ ತುಂಬಾ ಜನ ಹೊರಡ್ತಾರೆ. ಒಳ್ಳೇದೇ. ರೀಲ್ಸ್‌ನಲ್ಲಿ ಮೂವತ್ತು ಸೆಕೆಂಡಿಗೆ ಹತ್ತು ಉಗುರೂ ರೆಡಿ. ಆದ್ರೆ ಆ ಬಾಟಲಿಯೊಳಗೆ ಏನಿದೆ, ಅದನ್ನು ಯಾವ ಹೊತ್ತಿನಲ್ಲಿ ತೆರೀಬೇಕು ಅಂತ ಅಲ್ಲಿ ಯಾರೂ ಹೇಳಲ್ಲ. ಬೇರೆ ಹಬ್ಬಕ್ಕಾದ್ರೆ ಪರವಾಗಿಲ್ಲ. ದೀಪಾವಳಿಗೆ ಮನೆ ತುಂಬಾ ದೀಪ ಇರುತ್ತಲ್ಲ, ಅದಕ್ಕೇ ಹೇಳ್ತಿದ್ದೀನಿ.

ಮಾಮೂಲಿ ನೇಲ್ ಪಾಲಿಶ್‌ನಲ್ಲಿ ಉಗುರ ಮೇಲೆ ಗಟ್ಟಿ ಪದರ ಕಟ್ಟೋದು ನೈಟ್ರೋಸೆಲ್ಯುಲೋಸ್ ಅನ್ನೋ ವಸ್ತು. ಇದರದ್ದೇ ಇನ್ನೂ ಹೆಚ್ಚು ತೀಕ್ಷ್ಣವಾದ ರೂಪವನ್ನು ಬಂದೂಕಿನ ಮದ್ದಿಗೆ ಬಳಸ್ತಾರೆ. ಅಂದ್ರೆ ನಿಮ್ಮ ಪಾಲಿಶ್ ಬಾಟಲಿಗೂ ಸಿಡಿಮದ್ದಿಗೂ ದೂರದ ಸಂಬಂಧ ಇದೆ. ಗಾಬರಿ ಬೇಡ, ಬಾಟಲಿ ಸಿಡಿಯಲ್ಲ. ಆದ್ರೆ ಈ ವಸ್ತುವನ್ನು ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಥರದ ದ್ರಾವಕಗಳಲ್ಲಿ ಕರಗಿಸಿರ್ತಾರೆ. ಮುಚ್ಚಳ ತೆಗೆದ ತಕ್ಷಣ ಮೂಗಿಗೆ ಹೊಡೆಯೋ ವಾಸನೆ ಅದೇ. ಪಾಲಿಶ್ 'ಒಣಗೋದು' ಅಂದ್ರೆ ಈ ದ್ರಾವಕ ಆವಿಯಾಗಿ ಕೋಣೆಯ ಗಾಳಿಗೆ ಸೇರೋದು. ಆ ಆವಿಗೆ ಬೆಂಕಿ ಹತ್ತುತ್ತೆ.

ರಿಮೂವರ್‌ನಲ್ಲಿರೋ ಅಸಿಟೋನ್ ಇನ್ನೂ ಚುರುಕು. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲೂ ಅದರ ಆವಿ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಅಸಿಟೋನ್ ಆವಿ ಗಾಳಿಗಿಂತ ಸುಮಾರು ಎರಡು ಪಟ್ಟು ಭಾರ. ಅದಕ್ಕೇ ಅದು ಮೇಲೆ ಹೋಗಲ್ಲ, ಕೆಳಗಿಳಿದು ನೆಲದ ಗುಂಟ ಹರಿಯುತ್ತೆ. ದೀಪಾವಳಿಗೆ ನಾವು ಹಣತೆ ಇಡೋದು ಎಲ್ಲಿ? ನೆಲದ ಮೇಲೆ, ಹೊಸ್ತಿಲಲ್ಲಿ, ರಂಗೋಲಿ ಸುತ್ತ. ಸಂಜೆ ಆರಕ್ಕೆ ದೀಪ ಹಚ್ಚಿ, ಪಕ್ಕದಲ್ಲೇ ಚಾಪೆ ಹಾಕ್ಕೊಂಡು ಹತ್ತಿಗೆ ರಿಮೂವರ್ ಸುರಿಯೋದು ಎಂಥ ಕೆಲಸ ಅಂತ ಈಗ ನೀವೇ ಊಹಿಸಿ.

ಹಾಗಾದ್ರೆ ಯಾವಾಗ? ನನ್ನ ಲೆಕ್ಕ ಹೀಗಿದೆ. ನೀರು ತುಂಬೋ ಹಬ್ಬದ ದಿನ ಬೇಡ, ಯಾಕಂದ್ರೆ ಮರುದಿನ ಬೆಳಗ್ಗೆ ಎಣ್ಣೆ ಸ್ನಾನ ಇದೆ. ಬಿಸಿನೀರಿನಲ್ಲಿ ಉಗುರು ನೀರು ಹೀರಿ ಉಬ್ಬುತ್ತೆ, ಒಣಗಿದ ಮೇಲೆ ಮತ್ತೆ ಕುಗ್ಗುತ್ತೆ, ಮೇಲಿನ ಬಣ್ಣ ಬಿರುಕು ಬಿಡುತ್ತೆ. ನರಕ ಚತುರ್ದಶಿಯ ಸ್ನಾನ ಮುಗಿಸಿ, ಕಡಲೆಹಿಟ್ಟೋ ಸೀಗೆಪುಡಿಯೋ ಹಾಕಿ ತಿಕ್ಕಿದ್ರೂ ಉಗುರಿನ ಅಂಚಲ್ಲಿ ಎಣ್ಣೆ ಉಳಿದಿರುತ್ತೆ. ಒಂದೆರಡು ಗಂಟೆ ಬಿಡಿ. ಆಮೇಲೆ ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಒರೆಸಿ, ಉಗುರಿಗೆ ಮಾತ್ರ ಒಂದು ಸಲ ರಿಮೂವರ್ ಸವರಿ. ಹೋಳಿಗೆ ಕಣಕ, ಕಜ್ಜಾಯದ ಹಿಟ್ಟು, ಏನೇ ಇದ್ದರೂ ಆ ಕೆಲಸವೂ ಮೊದಲೇ ಮುಗಿದಿರಲಿ. ಬಣ್ಣದ ಚೂರು ಹಿಟ್ಟಿಗೆ ಸೇರೋದು ಯಾರಿಗೂ ಬೇಡ. ಮಧ್ಯಾಹ್ನ ಊಟವಾದ ಮೇಲೆ, ಕಿಟಕಿ ತೆರೆದು, ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಇಲ್ಲದ ಕೋಣೆಯಲ್ಲಿ ಕೂತ್ಕೊಳ್ಳಿ. ನಾಲ್ಕು ಗಂಟೆಯೊಳಗೆ ಬಾಟಲಿಗಳು ಮುಚ್ಚಿ ಕಪಾಟು ಸೇರಿರಬೇಕು, ರಿಮೂವರ್ ಒರೆಸಿದ ಹತ್ತಿ ಮನೆಯಿಂದ ಆಚೆ ಹೋಗಿರಬೇಕು.

ಈಗ ಮಜಾ ಇರೋ ಭಾಗ, ಡಿಸೈನ್.

ದೀಪಾವಳಿ ಉಗುರಿಗೆ ನನ್ನ ಪ್ರಕಾರ ಚುಕ್ಕಿ ರಂಗೋಲಿಗಿಂತ ಚೆಂದದ್ದು ಬೇರೆ ಇಲ್ಲ. ಬ್ರಷ್ ಸೆಟ್ ಏನೂ ಕೊಳ್ಳಬೇಡಿ. ಹೇರ್‌ಪಿನ್‌ನ ಗುಂಡು ತುದಿ ದೊಡ್ಡ ಚುಕ್ಕಿಗೆ, ಖಾಲಿಯಾದ ಬಾಲ್‌ಪೆನ್ ರೀಫಿಲ್ ಸಣ್ಣ ಚುಕ್ಕಿಗೆ, ಟೂತ್‌ಪಿಕ್ ಗೆರೆ ಎಳೆಯೋಕೆ. ಮೊದಲು ಬೇಸ್ ಕೋಟ್ ಹಚ್ಚಿ. ಅದಿಲ್ಲದಿದ್ರೆ ಕೆಂಪು, ನೀಲಿ ಬಣ್ಣದ ಕಲೆ ಉಗುರಲ್ಲೇ ಉಳಿಯುತ್ತೆ. ಅದರ ಮೇಲೆ ಮರೂನ್ ಅಥವಾ ಕಡುನೀಲಿ, ಎರಡು ತೆಳು ಪದರ. ತೆಳು ಅನ್ನೋ ಮಾತಿಗೆ ಒತ್ತು ಕೊಡ್ತೀನಿ. ದಪ್ಪಗೆ ಬಳಿದ್ರೆ ಮೇಲ್ಭಾಗ ಒಣಗಿ, ಒಳಗಿನ ದ್ರಾವಕ ಸಿಕ್ಕಿಹಾಕ್ಕೊಂಡು, ರಾತ್ರಿ ಹೊದಿಕೆಯ ಅಚ್ಚು ಉಗುರ ಮೇಲೆ ಮೂಡುತ್ತೆ. ಬಿಳಿ, ತಿಳಿಗುಲಾಬಿ ಬಣ್ಣ ನಾನು ಹೇಳಲ್ಲ. ಅರಿಶಿನ ಮುಟ್ಟಿದ್ರೆ ಮುಗೀತು, ಹಳದಿ ಕೂತುಬಿಡುತ್ತೆ.

ಪದರ ಮುಟ್ಟಿದ್ರೆ ಅಂಟದಷ್ಟು ಒಣಗಿದ ಮೇಲೆ ಚುಕ್ಕಿ. ಅಂಗಳದಲ್ಲಿ ಏಳರಿಂದ ಒಂದು ಇಡ್ತೀವಲ್ಲ, ಉಗುರಿನ ಜಾಗಕ್ಕೆ ಮೂರರಿಂದ ಒಂದು ಸಾಕು: ಬುಡದಲ್ಲಿ ಮೂರು, ಮೇಲೆ ಎರಡು, ತುದಿಗೆ ಒಂದು. ಚಿನ್ನದ ಬಣ್ಣದ ಪಾಲಿಶ್ ಒಂದು ಹನಿಯನ್ನು ತೊಳೆದ ಹಾಲಿನ ಪ್ಯಾಕೆಟ್ ಮೇಲೆ ಹಾಕ್ಕೊಂಡು, ಪಿನ್ ಅದ್ದಿ, ನೆಟ್ಟಗೆ ಇಟ್ಟು ನೆಟ್ಟಗೆ ಎತ್ತಿ. ಚುಕ್ಕಿ ಹಸಿ ಇರುವಾಗಲೇ ಟೂತ್‌ಪಿಕ್‌ನಿಂದ ಮೇಲಕ್ಕೆ ಎಳೆದ್ರೆ ಅದೇ ದೀಪದ ಕುಡಿ. ಅದರ ಕೆಳಗೆ ಅರ್ಧಚಂದ್ರದ ಗೆರೆ ಹಾಕಿದ್ರೆ ಹಣತೆ. ಉಂಗುರ ಬೆರಳಿಗೆ ಮಾತ್ರ ಹಣತೆ ಇರಲಿ, ಮಿಕ್ಕಿದ್ದಕ್ಕೆ ಚುಕ್ಕಿ ಸಾಕು. ಹತ್ತೂ ಬೆರಳಿಗೆ ಎಲ್ಲಾ ತುಂಬಿದ್ರೆ ಜಾತ್ರೆ ಥರ ಕಾಣುತ್ತೆ.

ಬಲಗೈಯವರಿಗೆ ಎಡಗೈಯಲ್ಲಿ ಬಿಡಿಸೋದೇ ತಲೆನೋವು. ಅದಕ್ಕೂ ಹಾಲಿನ ಪ್ಯಾಕೆಟ್ಟೇ ಸಹಾಯಕ್ಕೆ ಬರುತ್ತೆ. ಅದರ ಮೇಲೆ ಮೊದಲು ಟಾಪ್ ಕೋಟ್ ಹಚ್ಚಿ, ಒಣಗಿದ ಮೇಲೆ ಅಲ್ಲೇ ಹಣತೆ ಬಿಡಿಸಿ, ಪೂರ್ತಿ ಒಣಗಿಸಿ, ಮೆಲ್ಲಗೆ ಸುಲಿದು ಸ್ಟಿಕರ್ ಥರ ಉಗುರಿಗೆ ಕೂರಿಸಿ ಮೇಲೊಂದು ಟಾಪ್ ಕೋಟ್ ಕೊಡಿ. ಥರ್ಮಾಕೋಲ್ ತಟ್ಟೆ ಮಾತ್ರ ಬಳಸಬೇಡಿ, ದ್ರಾವಕ ತಾಗಿದ್ರೆ ಕರಗಿಹೋಗುತ್ತೆ.

ಇನ್ನು ಆನ್‌ಲೈನ್‌ನಲ್ಲಿ ಸಿಗೋ ಜೆಲ್ ಕಿಟ್. ಜೆಲ್ ಆವಿಯಾಗಿ ಒಣಗಲ್ಲ, ದೀಪದ ಬೆಳಕಿನಲ್ಲಿ ಅದರ ಅಣುಗಳು ಸರಪಳಿಯಾಗಿ ಸೇರಿ ಗಟ್ಟಿಯಾಗುತ್ತೆ. ಸರಿಯಾಗಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗಿದ್ರೆ ಅಕ್ರಿಲೇಟ್ ಅಲರ್ಜಿ ಶುರುವಾಗಬಹುದು. ಶುರುವಾದ್ರೆ ಜೀವನಪೂರ್ತಿ ಇರುತ್ತೆ. ಹಲ್ಲು ತುಂಬಿಸೋ ಸಾಮಗ್ರಿಯಲ್ಲೂ ಇದೇ ಜಾತಿಯ ರಾಸಾಯನಿಕ ಇರೋದ್ರಿಂದ ಮುಂದೆ ಅಲ್ಲೂ ತೊಂದರೆ. ಮನೆಯ ಕಿಟ್‌ಗಳ ಬಗ್ಗೆ ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲೇ ಎಚ್ಚರಿಸಿತ್ತು. ಜೆಲ್ ಗಟ್ಟಿಯಾಗಿಸೋ ಟಿಪಿಒ ಅನ್ನೋ ರಾಸಾಯನಿಕವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ನಾಲ್ಕು ದಿನದ ಹಬ್ಬಕ್ಕೆ ಮಾಮೂಲಿ ಪಾಲಿಶ್ ಸಾಕು ಅನ್ನೋದು ನನ್ನ ಅಭಿಪ್ರಾಯ.

ಅಂಟಿಸೋ ಉಗುರು ಹಾಕೋರು ಕೇಳಿಸ್ಕೊಳ್ಳಿ. ಅದರ ಗಮ್, ಫೆವಿಕ್ವಿಕ್ ಥರದ್ದು, ಹತ್ತಿಗೆ ತಾಗಿದ್ರೆ ಚರ್ಮ ಸುಡೋವಷ್ಟು ಬಿಸಿಯಾಗುತ್ತೆ. ಹೂಬತ್ತಿ ಹೊಸೆಯೋ ಹತ್ತಿ ಪಕ್ಕದಲ್ಲಿಟ್ಕೊಂಡು, ಕಾಟನ್ ಬಟ್ಟೆಯ ತೊಡೆ ಮೇಲೆ ಕೈ ಊರಿ ಅಂಟಿಸಬೇಡಿ. ಚೆಲ್ಲಿದ ಗಮ್ಮನ್ನು ಹತ್ತಿಯಿಂದ ಒರೆಸೋಕೂ ಹೋಗಬೇಡಿ. ಆ ಉಗುರುಗಳು ಪ್ಲಾಸ್ಟಿಕ್, ಉದ್ದ ಬೇರೆ. ಬತ್ತಿ ಸರಿಮಾಡುವಾಗ, ಸುರುಸುರುಬತ್ತಿ ಹಿಡಿಯುವಾಗ ಜ್ವಾಲೆಗೆ ಎಲ್ಲಕ್ಕಿಂತ ಮೊದಲು ಸಿಗೋದು ಅವೇ. ಅಕಸ್ಮಾತ್ ಸುಟ್ಟರೆ ಟೂತ್‌ಪೇಸ್ಟ್ ಬೇಡ, 20 ನಿಮಿಷ ನಲ್ಲಿ ನೀರಿನ ಕೆಳಗೆ ಕೈ ಹಿಡಿದು, ಗುಳ್ಳೆ ಎದ್ದರೆ ವೈದ್ಯರ ಹತ್ರ ಹೋಗಿ.

ಬಲಿಪಾಡ್ಯಮಿ ಕಳೆದ ಮೇಲೆ ಬಣ್ಣ ತೆಗೆಯೋದು ಹೀಗೆ: ಹಲ್ಲಿನಿಂದ ಕಿತ್ತರೆ ಉಗುರಿನ ಮೇಲಿನ ಪದರವೂ ಕಿತ್ತು ಬರುತ್ತೆ, ಕೈ ಉಗುರು ಬೆಳೆಯೋದು ತಿಂಗಳಿಗೆ ಸುಮಾರು 3 ಮಿಲಿಮೀಟರ್, ಪೂರ್ತಿ ಹೊಸದಾಗೋಕೆ ಆರು ತಿಂಗಳು ಬೇಕು. ಹತ್ತಿಗೆ ರಿಮೂವರ್ ಅದ್ದಿ, ಉಗುರ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು, ಬುಡದಿಂದ ತುದಿಗೆ ಒಂದೇ ಸಲ ಎಳೆಯಿರಿ. ಮಿನುಗು ಇದ್ರೆ ಇನ್ನೊಂದಿಷ್ಟು ಹೊತ್ತು ಹಿಡೀರಿ. ಕೈ ತೊಳೆದು, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಇದೂ ಹಗಲಲ್ಲೇ. ಯಾಕಂದ್ರೆ ತುಳಸಿ ಹಬ್ಬದವರೆಗೂ ಎಷ್ಟೋ ಮನೆಗಳ ಹೊಸ್ತಿಲಲ್ಲಿ ಸಂಜೆ ದೀಪ ಉರೀತಾನೇ ಇರುತ್ತೆ.