ಕುದುರೆಯ ಹಾದಿಯಲ್ಲಿ ನೂರು ಮೈಲಿ ಓಟ

ಮ್ಯಾರಥಾನಿನ 42.195 ಕಿಲೋಮೀಟರ್‌ಗಿಂತ ಉದ್ದದ ಓಟಗಳಿಗೆಲ್ಲ ಅಲ್ಟ್ರಾಮ್ಯಾರಥಾನ್ ಎನ್ನುತ್ತಾರೆ. ಬೆಟ್ಟದ ಕಾಲುದಾರಿಯಲ್ಲಿ ನೂರು ಮೈಲಿ, ಅಂದರೆ ಸುಮಾರು 161 ಕಿ.ಮೀ. ಓಡುವ ಸ್ಪರ್ಧೆಗಳಲ್ಲಿ ಅತ್ಯಂತ ಹಳೆಯದು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳಲ್ಲಿ ಜೂನ್ ಕೊನೆಗೆ ನಡೆಯುವ ವೆಸ್ಟರ್ನ್ ಸ್ಟೇಟ್ಸ್.

ಇದು ಮೂಲತಃ ಕುದುರೆಗಳ ಹಾದಿ. ಒಂದೇ ದಿನದಲ್ಲಿ ನೂರು ಮೈಲಿ ಸವಾರಿ ಮುಗಿಸುವ ಟೆವಿಸ್ ಕಪ್ ಸ್ಪರ್ಧೆ ಇಲ್ಲಿ 1955ರಲ್ಲಿ ಶುರುವಾಯಿತು. 1974ರಲ್ಲಿ ಗಾರ್ಡಿ ಐನ್ಸ್ಲೀ ಎಂಬ ಸವಾರ ಕುದುರೆಯಿಲ್ಲದೆ ಕಾಲ್ನಡಿಗೆಯಲ್ಲೇ ಹೊರಟು 23 ಗಂಟೆ 42 ನಿಮಿಷಗಳಲ್ಲಿ ಗುರಿ ಮುಟ್ಟಿದ. 1977ರಲ್ಲಿ ಓಟಗಾರರಿಗೂ ಅಧಿಕೃತ ಸ್ಪರ್ಧೆ ಏರ್ಪಟ್ಟಿತು. ಓಟ ಮುಗಿಸಲು ಈಗ 30 ಗಂಟೆಗಳ ಗಡುವಿದೆ. 24 ಗಂಟೆಯೊಳಗೆ ಬಂದವರಿಗೆ ಬೆಳ್ಳಿಯ ಬೆಲ್ಟ್ ಬಕಲ್ ಸಿಗುತ್ತದೆ.

ಬೆಳಗಿನ ಜಾವ 5ಕ್ಕೆ ಒಲಿಂಪಿಕ್ ವ್ಯಾಲಿಯಿಂದ ಹೊರಟವರು ಮೊದಲು ಸುಮಾರು 2,660 ಮೀಟರ್ ಎತ್ತರದ ಕಣಿವೆದಾರಿಗೆ ಏರುತ್ತಾರೆ. ಮುಂದೆ ಬಿಸಿಲು ಕುದಿಯುವ ಆಳ ಕಮರಿಗಳು; ಕೆಲವು ವರ್ಷ ಅಲ್ಲಿ ತಾಪ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ. ಸುಮಾರು 100 ಕಿ.ಮೀ. ಬಳಿಕ ಫಾರೆಸ್ಟ್‌ಹಿಲ್ ಊರು. ಅಲ್ಲಿಂದ ಓಟಗಾರರು ಜೊತೆಗಾರರೊಬ್ಬರನ್ನು ಕರೆದೊಯ್ಯಬಹುದು. 125 ಕಿ.ಮೀ. ಸುಮಾರಿಗೆ ಅಮೆರಿಕನ್ ನದಿ ಅಡ್ಡ ಬರುತ್ತದೆ. ಹಗ್ಗ ಹಿಡಿದು ನೀರಿಗಿಳಿದೋ, ನೀರು ಹೆಚ್ಚಿದ್ದರೆ ದೋಣಿಯಲ್ಲೋ ದಾಟಬೇಕು. ಓಟ ಮುಗಿಯುವುದು ಆಬರ್ನ್ ಪಟ್ಟಣದ ಶಾಲಾ ಮೈದಾನದಲ್ಲಿ.

ಒಟ್ಟು ಏರು ಸುಮಾರು 5,500 ಮೀಟರ್, ಇಳಿಜಾರು 7,000 ಮೀಟರ್. ಹೆಚ್ಚು ಪೆಟ್ಟು ಕೊಡುವುದು ಇಳಿಜಾರೇ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ದೇಹದ ಭಾರ ತಡೆಯಬೇಕು. ಅದರಿಂದ ಸ್ನಾಯುವಿನ ಎಳೆಗಳು ಹರಿಯುತ್ತವೆ. ಹಾನಿ ವಿಪರೀತವಾದರೆ ಅವುಗಳಿಂದ ರಕ್ತಕ್ಕೆ ಸೇರುವ ವಸ್ತುಗಳು ಮೂತ್ರಪಿಂಡವನ್ನು ಕೆಡಿಸುತ್ತವೆ. ಆದ್ದರಿಂದ ಅನುಭವಿಗಳು ತಿಂಗಳುಗಟ್ಟಲೆ ಇಳಿಜಾರಿನಲ್ಲೇ ಓಡಿ ಕಾಲು ಹದಗೊಳಿಸುತ್ತಾರೆ. ಕಡಿದಾದ ಏರುಗಳಲ್ಲಿ ಮುಂಚೂಣಿಯವರೂ ಓಡದೆ ನಡೆಯುವುದುಂಟು.

ಎರಡನೆಯ ಸಮಸ್ಯೆ ಹೊಟ್ಟೆಯದು. ದೇಹದಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ಎಂಬ ಇಂಧನ ಕೆಲವೇ ಗಂಟೆಗಳಲ್ಲಿ ತೀರುತ್ತದೆ. ಹಾಗಾಗಿ ಗಂಟೆಗೆ 200–300 ಕ್ಯಾಲೊರಿಯಾದರೂ ಒಳಗೆ ಹೋಗಬೇಕು. ಆದರೆ ರಕ್ತವೆಲ್ಲ ಸ್ನಾಯು ಮತ್ತು ಚರ್ಮದ ಕಡೆ ಹರಿಯುವುದರಿಂದ ಜೀರ್ಣಶಕ್ತಿ ಕುಗ್ಗಿ ವಾಕರಿಕೆ ಬರುತ್ತದೆ. ದಾಹಕ್ಕಿಂತ ಹೆಚ್ಚು ನೀರು ಕುಡಿಯುವುದೂ ಅಪಾಯ: ರಕ್ತದ ಸೋಡಿಯಂ ತೆಳುವಾಗಿ ಮಿದುಳು ಊದಿಕೊಳ್ಳಬಹುದು. ಬಿಸಿಲಿಗೆ ಉಪಾಯವೆಂದರೆ ಟೋಪಿಯಲ್ಲೂ ಕುತ್ತಿಗೆಯ ವಸ್ತ್ರದಲ್ಲೂ ಮಂಜುಗಡ್ಡೆ ತುಂಬಿಕೊಳ್ಳುವುದು.

ಹೀಗೆ ವೇಗಕ್ಕಿಂತ ದೇಹವನ್ನು ಸಂಭಾಳಿಸುವ ಜಾಣ್ಮೆಯೇ ಇಲ್ಲಿ ಮುಖ್ಯ. ಎರಡೂ ಕೂಡಿಬಂದಾಗ 2019ರಲ್ಲಿ ಜಿಮ್ ವಾಮ್ಸ್ಲಿ 14 ಗಂಟೆ 9 ನಿಮಿಷಗಳಲ್ಲೂ, 2023ರಲ್ಲಿ ಕೋರ್ಟ್ನಿ ಡಾವಾಲ್ಟರ್ 15 ಗಂಟೆ 29 ನಿಮಿಷಗಳಲ್ಲೂ ಗೆದ್ದರು. ಆದರೆ ಈ ಸ್ಪರ್ಧೆಗೆ ಪ್ರವೇಶವೂ ಸುಲಭವಲ್ಲ: ಅರ್ಹತಾ ಓಟವೊಂದನ್ನು ಮುಗಿಸಿದವರು ಮಾತ್ರ ಅರ್ಜಿ ಹಾಕಬಹುದು. ಸೀಮಿತ ಸ್ಥಾನಗಳಲ್ಲಿ ಬಹುಪಾಲು ಲಾಟರಿಯ ಮೂಲಕ ಹಂಚಿಕೆಯಾಗುತ್ತವೆ.