ಕುಡಿಯುವ ನೀರು, ಕೊಳಚೆ ನೀರು: ಹೈದರಾಬಾದಿನ ಪಾಠ

ನೀರಿಗೆ ‘ಜೀವನ’ವೆಂದೇ ಹೆಸರಿಟ್ಟ ನಾಡು ನಮ್ಮದು. ಆದರೆ ಅದೇ ನೀರು ಮಲಿನವಾದರೆ ಜೀವಹಾರಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ಅಂದಾಜಿನಂತೆ, 2024ರಲ್ಲಿ ಜಗತ್ತಿನ ಸುಮಾರು 210 ಕೋಟಿ ಜನರಿಗೆ ಸುರಕ್ಷಿತ ಕುಡಿಯುವ ನೀರಿನ ವ್ಯವಸ್ಥೆಯಿರಲಿಲ್ಲ. ಸುರಕ್ಷಿತ ಶೌಚವ್ಯವಸ್ಥೆಯಿಲ್ಲದವರು ಸುಮಾರು 340 ಕೋಟಿ. ಇವರಲ್ಲಿ ಬಡವರೇ ಬಹುಪಾಲು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಸಮಸ್ಯೆಯೊಡನೆ ಹೈದರಾಬಾದಿನ ನಂಟು ಹಳೆಯದು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಹಸ್ರಾರು ಜನರನ್ನು ಬಲಿತೆಗೆದುಕೊಂಡಿತು. ಮರುವರ್ಷ ನಿಜಾಮ್ ಸರ್ಕಾರವು ಕರೆಸಿಕೊಂಡದ್ದು ಕನ್ನಡಿಗರ ಹೆಮ್ಮೆಯ ಎಂ. ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯ ಫಲವಾಗಿ ಉಸ್ಮಾನ್ ಸಾಗರವು 1920ರಲ್ಲಿಯೂ ಹಿಮಾಯತ್ ಸಾಗರವು 1927ರಲ್ಲಿಯೂ ಸಿದ್ಧವಾದವು. ಈ ಜಲಾಶಯಗಳನ್ನು ಎಲ್ಲರೂ ಸ್ಮರಿಸುತ್ತಾರೆ. ನಗರದ ಒಳಚರಂಡಿ ಯೋಜನೆಯನ್ನು ರೂಪಿಸುವ ಹೊಣೆಯೂ ಅವರದೇ ಆಗಿತ್ತೆಂಬುದನ್ನು ಬಲ್ಲವರು ವಿರಳ. ನೀರನ್ನು ತರುವುದು ಅರ್ಧ ಕಾರ್ಯ. ಬಳಸಿದ ನೀರನ್ನು ಸುರಕ್ಷಿತವಾಗಿ ಸಾಗಿಸುವುದು ಉಳಿದರ್ಧ.

ಈ ಉಳಿದರ್ಧವನ್ನು ಅಲಕ್ಷಿಸಿದರೆ ಆಗುವ ಅನಾಹುತಕ್ಕೆ 2009ರ ಮೇ ತಿಂಗಳ ಭೋಲಕ್‌ಪುರ ಸಾಕ್ಷಿ. ಶ್ರಮಜೀವಿಗಳೇ ಕಿಕ್ಕಿರಿದಿರುವ ಆ ಬಡಾವಣೆಯಲ್ಲಿ ಕೊಳಚೆ ಬೆರೆತ ನಲ್ಲಿ ನೀರನ್ನು ಕುಡಿದು ನೂರಾರು ಮಂದಿ ವಾಂತಿಭೇದಿಗೆ ತುತ್ತಾದರು; ಹಲವರು ಅಸುನೀಗಿದರು.

ಇಂತಹ ಬೆರಕೆಯ ಕಾರಣ ಸರಳವಾದುದು. ಕೆಲವೇ ಗಂಟೆಗಳ ಕಾಲ ನೀರು ಬಿಡುವ ಕಡೆ, ಉಳಿದ ಹೊತ್ತು ಕೊಳವೆಯಲ್ಲಿ ಒತ್ತಡವಿರುವುದಿಲ್ಲ. ಆಗ ಪಕ್ಕದ ಚರಂಡಿಯಿಂದ ಸೋರಿದ ಕೊಳಚೆಯು ಹಳೆಯ ಕೊಳವೆಯ ಬಿರುಕುಗಳ ಮೂಲಕ ಒಳನುಗ್ಗುತ್ತದೆ. ಮುಂದಿನ ಸರದಿಯಲ್ಲಿ ಅದೇ ನೀರು ಮನೆಯ ಬಿಂದಿಗೆಯನ್ನು ಸೇರುತ್ತದೆ.

ಲೆಕ್ಕ ಬಲ್ಲವರು ಇದನ್ನು ಜಮಾಖರ್ಚಿನ ದೃಷ್ಟಿಯಿಂದಲೂ ನೋಡಬೇಕು. ನಗರದಲ್ಲಿ ಗೃಹಬಳಕೆಗೆ ತಿಂಗಳಿಗೆ 20,000 ಲೀಟರ್ ನೀರನ್ನು ಉಚಿತವಾಗಿ ಕೊಡುವ ಯೋಜನೆ 2021ರಲ್ಲಿ ಆರಂಭವಾದುದು ಸ್ತುತ್ಯರ್ಹ. ಆದರೆ ನೀರು ಅಶುದ್ಧವಾಗಿದ್ದರೆ ಉಚಿತವೂ ದುಬಾರಿಯೇ. ದಿನಗೂಲಿಯವನು ಒಂದು ವಾರ ಹಾಸಿಗೆ ಹಿಡಿದರೆ ಕೂಲಿ ನಷ್ಟ, ಔಷಧದ ವೆಚ್ಚ, ಕೈಸಾಲದ ಬಡ್ಡಿ ಮೂರೂ ಒಟ್ಟಿಗೆ ಎರಗುತ್ತವೆ.

ಗೃಹಸ್ಥರು ಪಾಲಿಸಬೇಕಾದ ಕ್ರಮಗಳು ಕಠಿಣವಲ್ಲ. ನೀರಿನ ಬಣ್ಣ, ವಾಸನೆ ಬದಲಾದರೆ ಅದನ್ನು ಕುಡಿಯದೆ ಕೂಡಲೇ ಜಲಮಂಡಳಿಗೆ ದೂರು ಕೊಡಬೇಕು. ತಿಳಿಯಾಗಿ ಕಂಡರೂ ಸಂದೇಹವಿದ್ದಲ್ಲಿ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಬಳಸಬೇಕು. ಶೌಚದ ನಂತರ ಹಾಗೂ ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಭೇದಿಯಾದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು ಬೆರೆಸಿ ಮೇಲಿಂದ ಮೇಲೆ ಕುಡಿಸುತ್ತ, ವಿಳಂಬಿಸದೆ ವೈದ್ಯರನ್ನು ಕಾಣಬೇಕು.

ಶುದ್ಧ ನೀರು ಹಾಗೂ ನೈರ್ಮಲ್ಯ ಮಾನವನ ಹಕ್ಕೆಂದು ವಿಶ್ವಸಂಸ್ಥೆಯ ಮಹಾಸಭೆಯು 2010ರಲ್ಲಿ ಸಾರಿತು. ನಮ್ಮ ಮನೆಗೆಲಸಕ್ಕೆ ಬರುವ ತಾಯಿಯ ಬಿಂದಿಗೆಗೂ ಆ ಹಕ್ಕು ತಲುಪಿದಾಗಲೇ ವಿಶ್ವೇಶ್ವರಯ್ಯನವರು ಆರಂಭಿಸಿದ ಕಾರ್ಯ ಪೂರ್ಣವಾದೀತು.