ಹೊಲಿಗೆ ತೋರಿಸಲು ಇಷ್ಟು ದೂರ ಬರಬೇಕೆ?

ಆಪರೇಷನ್ ಆಗಿ ಮನೆಗೆ ಹೊರಟವರಿಗೆ ಆಸ್ಪತ್ರೆಯಲ್ಲಿ ಹೇಳಿ ಕಳಿಸುವ ಮಾತು ಸಾಮಾನ್ಯವಾಗಿ ಒಂದೇ: ‘ಹತ್ತು ದಿನ ಬಿಟ್ಟು ಬಂದು ತೋರಿಸಿ.’ ಅದೇ ಊರಿನವರಾದರೆ ಆಟೋ ಹತ್ತಿ ಬಂದು ಹೋಗುತ್ತಾರೆ. ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಬಂದವರಿಗೆ ಬರಲು ಸುಮಾರು 600 ಕಿಲೋಮೀಟರ್, ಹೋಗಲು ಮತ್ತಷ್ಟೇ. ಜೊತೆಗೆ ಬರುವ ಮಗನ ಕೂಲಿ ತಪ್ಪುತ್ತದೆ; ಬಸ್ಸಿನ ಕುಲುಕಾಟಕ್ಕೆ ಹಸಿ ಹೊಲಿಗೆ ನೋಯುತ್ತದೆ. ಇಷ್ಟೆಲ್ಲ ಪಾಡುಪಟ್ಟು ಬಂದರೆ, ಡಾಕ್ಟರು ಗಾಯ ನೋಡಿ ‘ಚೆನ್ನಾಗಿ ಮಾಗಿದೆ, ಹೋಗಿ ಬನ್ನಿ’ ಎನ್ನಲು ಐದು ನಿಮಿಷ ಸಾಕು.

ಆ ಐದು ನಿಮಿಷದ ಕೆಲಸ ಮೊಬೈಲಿನ ವಿಡಿಯೊ ಕರೆಯಲ್ಲೇ ಆಗುತ್ತದೆ. ಖರ್ಚು, ಓಡಾಟ ಉಳಿಯುವುದು ಸರಿ. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಗಾಯಕ್ಕೆ ನಂಜೇರುವುದು ಎಷ್ಟೋ ಸಲ ಮನೆಗೆ ಹೋದ ಮೇಲೆಯೇ. ನಾಲ್ಕನೇ ದಿನ ಕೆಂಪಾದ ಹೊಲಿಗೆಯನ್ನು ಹತ್ತನೇ ದಿನದವರೆಗೆ ಯಾರೂ ನೋಡದಿದ್ದರೆ, ಮಾತ್ರೆಯಲ್ಲಿ ಮುಗಿಯಬಹುದಾದದ್ದು ಮತ್ತೆ ಆಸ್ಪತ್ರೆ ಸೇರುವವರೆಗೆ ಬೆಳೆಯಬಹುದು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ತುರ್ತಾಗಿ ಹೊಟ್ಟೆಯ ಆಪರೇಷನ್ ಆದ 492 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿನವರು 3, 7 ಮತ್ತು 15ನೇ ದಿನ ಫೋನಿನಲ್ಲೇ ಕೆಲವು ಪ್ರಶ್ನೆಗಳಿಗೆ ಉತ್ತರಿಸಿ, ಗಾಯದ ಫೋಟೊ ಕಳಿಸಬೇಕಿತ್ತು. ಉಳಿದವರಿಗಿಂತ ಈ ಗುಂಪಿನವರಲ್ಲಿ ಮೊದಲ ವಾರದೊಳಗೇ ನಂಜು ಪತ್ತೆಯಾಗುವ ಸಾಧ್ಯತೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಹೆಚ್ಚಿತ್ತು.

ತೋರಿಸುವುದಕ್ಕೂ ಒಂದು ಕ್ರಮವಿದೆ. ಕ್ಯಾಮೆರಾದ ಗಾಜನ್ನು ಮೊದಲು ಒರೆಸಿಕೊಳ್ಳಬೇಕು. ಅಡುಗೆ ಮನೆಯಲ್ಲಿ ಬಳಸುವ ಫೋನಾದರೆ ಎಣ್ಣೆಯ ಪಸೆ ಇದ್ದೇ ಇರುತ್ತದೆ. ಟ್ಯೂಬ್‌ಲೈಟಿಗಿಂತ ಕಿಟಕಿಯ ಬೆಳಕು ಒಳ್ಳೆಯದು, ಗಾಯದ ಕೆಂಪು ಇದ್ದದ್ದು ಇದ್ದ ಹಾಗೆ ಕಾಣುತ್ತದೆ. ನೆಟ್‌ವರ್ಕ್ ಸರಿಯಿಲ್ಲದ ಊರಲ್ಲಿ ವಿಡಿಯೊ ಕಲಸಿಹೋಗುವುದರಿಂದ, ದೂರದಿಂದ ಒಂದು, ಹತ್ತಿರದಿಂದ ಒಂದು ಫೋಟೊ ಮೊದಲೇ ಕಳಿಸಿದರೆ ಕರೆಯನ್ನು ಮಾತಿಗೆ ಬಳಸಬಹುದು. ಗಾಯದ ನೀರು ಹೊರಹೋಗಲು ನಳಿಕೆ (ಡ್ರೇನ್) ಹಾಕಿದ್ದರೆ ಅದರ ಬಾಟಲಿಯ ಅಳತೆಗೆರೆ, ಒಳಗಿನ ನೀರಿನ ಬಣ್ಣ ಎರಡೂ ಕಾಣಬೇಕು. ಮಂಡಿ ಬದಲಿಸಿಕೊಂಡವರು ನಾಲ್ಕು ಹೆಜ್ಜೆ ನಡೆದು, ಕೂತು, ಮಂಡಿ ಮಡಚಿ ತೋರಿಸಬೇಕು. ಇವೆಲ್ಲಕ್ಕೂ ಫೋನ್ ಹಿಡಿಯಲು ಇನ್ನೊಬ್ಬರ ಕೈ ಬೇಕೇ ಬೇಕು. ಹಾಗಾಗಿ ರೋಗಿಗೆ ಹೇಳಿದ್ದನ್ನೆಲ್ಲ ಮನೆಯವರಿಗೂ ಹೇಳಿಕೊಟ್ಟು ಕಳಿಸುವುದು ನರ್ಸ್‌ಗಳ ಕೆಲಸದ ಭಾಗವಾಗಬೇಕು.

ಪರದೆಗೆ ಸ್ಪರ್ಶವಿಲ್ಲ, ವಾಸನೆಯೂ ತಿಳಿಯದು. ಹೊಟ್ಟೆ ಮೆತ್ತಗಿದೆಯೋ ಬಿಗಿದಿದೆಯೋ ಎಂಬುದು ಡಾಕ್ಟರ ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಅನುಮಾನ ಬಂದರೆ ‘ಹೊರಟು ಬನ್ನಿ’ ಎನ್ನಲು ವೈದ್ಯರು ಹಿಂಜರಿಯಬಾರದು. ರೋಗಿಯೂ ಅಷ್ಟೇ: ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ, ಒಂದೇ ಕಾಲು ಊದಿಕೊಂಡರೆ, ಹೊಲಿಗೆ ಬಿಚ್ಚಿಕೊಂಡರೆ ವಿಡಿಯೊ ಕರೆಗೆ ಕಾಯುತ್ತ ಕೂರುವಂತಿಲ್ಲ.

ರೋಗಿಯನ್ನು ಹೀಗೆ ದೂರದಿಂದಲೇ ನೋಡುವುದು ಕರ್ನಾಟಕಕ್ಕೆ ತೀರಾ ಹೊಸತಲ್ಲ. 2001ರಲ್ಲಿ ಇಸ್ರೋ ಶುರುಮಾಡಿದ ಟೆಲಿಮೆಡಿಸಿನ್ ಯೋಜನೆಯಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳು ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಬೆಸೆದುಕೊಂಡಿದ್ದವು. ಬೇರೆ ರಾಜ್ಯಗಳಲ್ಲೂ ಇದು ನಡೆದಿತ್ತು: ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಸರ್ಜನ್ನರು ಥೈರಾಯ್ಡ್‌ನಂಥ ಗ್ರಂಥಿಗಳ ಆಪರೇಷನ್ ಮಾಡಿಸಿಕೊಂಡ ಒಡಿಶಾದವರನ್ನು ಕಟಕ್‌ನ ವೈದ್ಯಕೀಯ ಕಾಲೇಜಿಗೆ ಕರೆಸಿ, ಪರದೆಯ ಮೇಲೆ ನೋಡುತ್ತಿದ್ದರು. ಅಂದು ಉಪಗ್ರಹ ಬೇಕಾಗಿದ್ದ ಕೆಲಸಕ್ಕೆ ಈಗ ಜೇಬಿನ ಫೋನ್ ಸಾಕು. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ವಾಟ್ಸ್‌ಆ್ಯಪ್ ಬಳಸಲೂ ಅವಕಾಶ ಕೊಟ್ಟಿದೆ. ರೋಗಿಯೇ ಕರೆ ಮಾಡಿದರೆ ಒಪ್ಪಿಗೆ ಇದೆ ಎಂದೇ ಲೆಕ್ಕ. ವೈದ್ಯರು ಮಾಡಿದರೆ ಒಪ್ಪಿಗೆ ಕೇಳಿ ದಾಖಲಿಸಿಕೊಳ್ಳಬೇಕು. ಸಿಸೇರಿಯನ್ ಆದ, ಸ್ತನದ ಆಪರೇಷನ್ ಆದ ಹೆಣ್ಣುಮಕ್ಕಳ ವಿಷಯದಲ್ಲಿ ಒಪ್ಪಿಗೆಯೊಂದೇ ಸಾಲದು. ಆ ತುದಿಯಲ್ಲಿ ಯಾರು ಕೂತಿದ್ದಾರೆ, ಫೋಟೊ ಯಾರ ಫೋನಿನಲ್ಲಿ ಉಳಿಯುತ್ತದೆ ಎಂಬುದನ್ನು ಅವರಿಗೆ ಮೊದಲೇ ತಿಳಿಸಬೇಕು.

ಸ್ವಂತ ಸ್ಮಾರ್ಟ್‌ಫೋನ್ ಇಲ್ಲದವರ ಗತಿ? ರುವಾಂಡಾ ದೇಶದ ಕಿರೇಹೆ ಜಿಲ್ಲೆ ಇದಕ್ಕೊಂದು ದಾರಿ ಹುಡುಕಿತು. ಅಲ್ಲಿ ಸಿಸೇರಿಯನ್ ಆಗಿ ಹಳ್ಳಿಗೆ ಮರಳಿದ ತಾಯಂದಿರ ಗಾಯವನ್ನು ಸಮುದಾಯ ಆರೋಗ್ಯ ಕಾರ್ಯಕರ್ತೆಯರ ಕೈಯಲ್ಲಿನ ಫೋನ್ ಮೂಲಕ ಪರೀಕ್ಷಿಸುವ ಪ್ರಯೋಗಗಳು ನಡೆದವು. ನಮ್ಮ ಹಳ್ಳಿಗಳಲ್ಲಿ ಅದೇ ಕೆಲಸಕ್ಕೆ ಆಶಾ ಕಾರ್ಯಕರ್ತೆಯರಿದ್ದಾರೆ. ಸಿಸೇರಿಯನ್ ಆದವರ ಮನೆಗೆ 7ನೇ ದಿನ, 14ನೇ ದಿನ, ಹೀಗೆ 42ನೇ ದಿನದವರೆಗೆ ಮಗುವನ್ನು ನೋಡಲು ಅವರು ಹೇಗೂ ಹೋಗುತ್ತಾರೆ. ಆ ಹೊತ್ತಿಗೆ ಹೆರಿಗೆಯಾದ ಆಸ್ಪತ್ರೆಯಲ್ಲಿ ಕರೆ ಎತ್ತಲು ಒಬ್ಬ ನರ್ಸ್, ಬೇಕಾದರೆ ಕೂಗಳತೆಯಲ್ಲಿ ಒಬ್ಬ ಡಾಕ್ಟರು ಇದ್ದರೆ, ತಾಯಿಯ ಹೊಲಿಗೆಯನ್ನೂ ಅದೇ ಭೇಟಿಯಲ್ಲಿ ತೋರಿಸಬಹುದು.